ಮದರ್‌ಬೋರ್ಡಿನ ಭಾಗಗಳಿಗೆ ಬಣ್ಣ ಹಚ್ಚುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ಕಂಪ್ಯೂಟರ್ ಜೋಡಿಸುವ ಹಾಗೂ ದುರಸ್ತಿ ಮಾಡುವ ಕೆಲಸದಲ್ಲಿ ನಾನಿದ್ದೇನೆ. ಗಾಜಿನ ಬದಿಯ ಕ್ಯಾಬಿನೆಟ್‌ಗಳು ಬಳಕೆಗೆ ಬಂದ ಮೇಲೆ, ಒಳಗಿನ ಮದರ್‌ಬೋರ್ಡಿನ, ಎಂದರೆ ಎಲ್ಲವೂ ಬಂದು ಕೂಡುವ ಮುಖ್ಯ ಫಲಕದ, ಭಾಗಗಳಿಗೂ ತಮಗೆ ಬೇಕಾದ ಬಣ್ಣವಿರಬೇಕೆಂದು ಬಯಸುವವರು ಹೆಚ್ಚಾಗಿದ್ದಾರೆ. ಬೆಳಗಾವಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಂದ ಹಿಡಿದು ವಿಜಯಪುರದ ಫೋಟೋ ಸ್ಟುಡಿಯೋದವರವರೆಗೆ ಎಲ್ಲರೂ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮದರ್‌ಬೋರ್ಡಿಗೆ ಬಣ್ಣ ಹಚ್ಚುವುದು ಎಂದರೆ ನಿಜವಾಗಿ ಯಾವುದಕ್ಕೆ ಹಚ್ಚುವುದು?

ಸ್ಕ್ರೂ ಬಿಚ್ಚಿದರೆ ಬೋರ್ಡಿನಿಂದ ಬೇರೆಯಾಗಿ ಕೈಗೆ ಬರುವ ಭಾಗಗಳಿಗೆ ಮಾತ್ರ. ಪ್ರೊಸೆಸರ್‌ಗೆ ವಿದ್ಯುತ್ ಹದಗೊಳಿಸಿ ಕೊಡುವ ವಿಆರ್‌ಎಂ ಭಾಗದ ಮೇಲಿನ ಹೀಟ್‌ಸಿಂಕ್ (ಬಿಸಿಯನ್ನು ಹೀರಿ ಗಾಳಿಗೆ ಬಿಡುವ ಲೋಹದ ತುಂಡು), ಬೋರ್ಡಿನ ಭಾಗಗಳ ನಡುವಿನ ಸಂಪರ್ಕ ನೋಡಿಕೊಳ್ಳುವ ಚಿಪ್‌ಸೆಟ್ ಮೇಲಿನ ಹೀಟ್‌ಸಿಂಕ್, ಮಾಹಿತಿ ಸಂಗ್ರಹಿಸುವ ತೆಳು ಕಾರ್ಡಾದ ಎಂ.2 ಎಸ್‌ಎಸ್‌ಡಿಯನ್ನು ಮುಚ್ಚುವ ಲೋಹದ ಪಟ್ಟಿ, ಹಿಂಬದಿಯ ಯುಎಸ್‌ಬಿ ಮತ್ತು ಆಡಿಯೋ ಪೋರ್ಟ್‌ಗಳನ್ನು ಮರೆಮಾಡುವ ಪ್ಲಾಸ್ಟಿಕ್ ಕವರ್, ಈ ನಾಲ್ಕಕ್ಕೆ ಬಣ್ಣ ಹಚ್ಚಿದರೆ ಗಾಜಿನ ಆಚೆಯಿಂದ ಕಾಣುವ ಬೋರ್ಡಿನ ರೂಪವೇ ಬದಲಾಗುತ್ತದೆ. ಬೆಸುಗೆಯಿಂದ ಬೋರ್ಡಿಗೆ ಅಂಟಿಕೊಂಡಿರುವ ಕೆಪಾಸಿಟರ್, ಕಾಯಿಲ್, ಸಾಕೆಟ್, ಸ್ಲಾಟ್ ಮತ್ತು ಕನೆಕ್ಟರ್‌ಗಳನ್ನು ಮುಟ್ಟಬಾರದು. ಬಿಚ್ಚಿ ಬರುವುದಕ್ಕೆ ಬಣ್ಣವುಂಟು, ಬೆಸುಗೆಯಾದದ್ದಕ್ಕೆ ಇಲ್ಲ. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಈ ಒಂದು ನಿಯಮದಿಂದಲೇ ಹುಟ್ಟುತ್ತವೆ.

ಬೋರ್ಡಿನ ಹಸಿರು ಅಥವಾ ಕಪ್ಪು ಕೂಡ ಬಣ್ಣವೇ ಅಲ್ಲವೇ? ಅದರ ಮೇಲೆ ಇನ್ನೊಂದು ಪದರ ಏಕೆ ಹಚ್ಚಬಾರದು?

ಅದು ಬಣ್ಣವೇ, ಆದರೆ ಬಿಡಿಭಾಗಗಳನ್ನು ಕೂಡಿಸುವ ಮೊದಲೇ ಕಾರ್ಖಾನೆಯಲ್ಲಿ ಹಚ್ಚಿದ ಸೋಲ್ಡರ್ ಮಾಸ್ಕ್ ಎಂಬ ರಕ್ಷಣಾ ಪದರ. ತಾಮ್ರದ ಗೆರೆಗಳಿಗೆ ತುಕ್ಕು ಹಿಡಿಯದಂತೆಯೂ, ಬೆಸುಗೆ ಬೇಡವಾದ ಕಡೆ ಹರಿಯದಂತೆಯೂ ಅದು ತಡೆಯುತ್ತದೆ. ಭಾಗಗಳೆಲ್ಲ ಕುಳಿತ ಮೇಲೆ ನಾವು ಸ್ಪ್ರೇ ಮಾಡಿದರೆ, ಬಣ್ಣದ ಹನಿಗಳು ಸಾಕೆಟ್ಟಿನ ಸೂಕ್ಷ್ಮ ಪಿನ್‌ಗಳ ನಡುವೆ, ರ‍್ಯಾಮ್ ಸ್ಲಾಟ್‌ನ ಒಳಗಿನ ಸಂಪರ್ಕಗಳ ಮೇಲೆ, ಕನೆಕ್ಟರ್‌ಗಳ ಬಾಯಿಯಲ್ಲಿ ಇಳಿಯುತ್ತವೆ. ಅಲ್ಲಿ ಒಣಗಿದ ಬಣ್ಣ ವಿದ್ಯುತ್ತನ್ನು ಹಾಯಲು ಬಿಡುವುದಿಲ್ಲ, ಅದನ್ನು ತೆಗೆಯಲು ಹೋದರೆ ಪಿನ್ ಬಾಗುತ್ತದೆ. ಸ್ಕ್ರೂ ರಂಧ್ರಗಳ ಸುತ್ತಲಿನ ಲೋಹದ ಉಂಗುರಗಳು ಬೋರ್ಡನ್ನು ಕ್ಯಾಬಿನೆಟ್ಟಿನ ಲೋಹದೊಂದಿಗೆ ಕೂಡಿಸಿ ಅರ್ಥಿಂಗ್ ಒದಗಿಸುತ್ತವೆ, ಅವುಗಳ ಮೇಲೂ ಪದರ ಬರಬಾರದು. ದುರಸ್ತಿ ಮಾಡುವವನಾಗಿ ಇನ್ನೊಂದು ಮಾತು ಸೇರಿಸುತ್ತೇನೆ: ಬೋರ್ಡಿನ ಮೇಲೆ ಅಚ್ಚಾಗಿರುವ ಅಕ್ಷರಗಳು ಮತ್ತು ಅಂಕಿಗಳು ಬಣ್ಣದಡಿ ಮುಚ್ಚಿಹೋದರೆ, ಮುಂದೆ ದೋಷ ಬಂದಾಗ ಯಾವ ಭಾಗ ಯಾವುದೆಂದು ಗುರುತಿಸುವುದೇ ಕಷ್ಟವಾಗುತ್ತದೆ.

ಬೋರ್ಡಿನ ಬಣ್ಣವೇ ಒಪ್ಪದಿದ್ದರೆ ಒಪ್ಪುವ ಬಣ್ಣದ ಬೋರ್ಡನ್ನೇ ಕೊಳ್ಳುವುದು ಸರಿಯಾದ ದಾರಿ. 2000ರ ದಶಕದ ಮೊದಲ ಭಾಗದಲ್ಲಿ ಡಿಎಫ್‌ಐ ಸಂಸ್ಥೆಯ ಲ್ಯಾನ್‌ಪಾರ್ಟಿ ಬೋರ್ಡುಗಳು ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಸ್ಲಾಟ್‌ಗಳೊಂದಿಗೆ ಬರುತ್ತಿದ್ದವು. 2011ರಲ್ಲಿ ಆಸುಸ್ ತನ್ನ ಸೇಬರ್‌ಟೂತ್ ಪಿ67 ಬೋರ್ಡಿನ ಬಹುಭಾಗವನ್ನು ಪ್ಲಾಸ್ಟಿಕ್ ಕವಚದಿಂದ ಮುಚ್ಚಿತು. ಈಗ ಕಪ್ಪು ಮತ್ತು ಬಿಳಿ ಬೋರ್ಡುಗಳು ಸುಲಭವಾಗಿ ಸಿಗುತ್ತವೆ, ಮತ್ತು ಇವೆರಡರ ಮೇಲೆ ಬೇರೆ ಯಾವ ಬಣ್ಣವಾದರೂ ಕೂಡುತ್ತದೆ.

ಬಣ್ಣ ಹಚ್ಚಿದರೆ ಹೀಟ್‌ಸಿಂಕ್ ಬಿಸಿಯನ್ನು ಹೊರಹಾಕುವುದಿಲ್ಲ ಎನ್ನುತ್ತಾರೆ. ನಿಜವೇ?

ಎಲ್ಲಿ ಹಚ್ಚಿದಿರಿ ಎಂಬುದರ ಮೇಲೆ ಉತ್ತರ ನಿಂತಿದೆ, ಆದ್ದರಿಂದ ಲೆಕ್ಕ ಹಾಕಿಯೇ ನೋಡೋಣ. ಅಲ್ಯೂಮಿನಿಯಂ ಶಾಖವನ್ನು ಬಹಳ ಚೆನ್ನಾಗಿ ಸಾಗಿಸುತ್ತದೆ. ಅದರ ಶಾಖವಾಹಕತೆ ಪ್ರತಿ ಮೀಟರ್ ಪ್ರತಿ ಡಿಗ್ರಿಗೆ ಸುಮಾರು 200 ವ್ಯಾಟ್. ಒಣಗಿದ ಬಣ್ಣದ್ದು ಸುಮಾರು 0.2 ಮಾತ್ರ, ಅಂದರೆ ಸಾವಿರ ಪಟ್ಟು ಕಡಿಮೆ. ಇಷ್ಟನ್ನೇ ಕೇಳಿದವರು ಹೆದರುವುದು ಸಹಜ. ಆದರೆ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಪದರ) ಮತ್ತು ಬಣ್ಣ ಸೇರಿ ಪದರದ ದಪ್ಪ 60 ಮೈಕ್ರಾನ್, ಎಂದರೆ 0.06 ಮಿಲಿಮೀಟರ್, ಆಗಿದ್ದು, 15 ವ್ಯಾಟ್ ಶಾಖವು 100 ಚದರ ಸೆಂಟಿಮೀಟರ್ ಹೊರಮೈಯ ಮೂಲಕ ಗಾಳಿಗೆ ಹೋಗುತ್ತಿದ್ದರೆ, ಆ ಪದರದಿಂದ ಹೆಚ್ಚುವ ಉಷ್ಣಾಂಶ ಅರ್ಧ ಡಿಗ್ರಿಗಿಂತಲೂ ಕಡಿಮೆ. ಹೀಟ್‌ಸಿಂಕಿನ ಗಾಳಿಗೆ ತೆರೆದ ರೆಕ್ಕೆಗಳ, ಎಂದರೆ ಸಾಲಾಗಿ ನಿಂತ ತೆಳು ಲೋಹದ ಹಾಳೆಗಳ, ಮೇಲೆ ತೆಳುವಾಗಿ ಹಚ್ಚಿದ ಬಣ್ಣದಿಂದ ಆಗುವ ನಷ್ಟ ಇಷ್ಟೇ.

ಅದೇ ಪದರ ಹೀಟ್‌ಸಿಂಕಿನ ಅಡಿಯಲ್ಲಿ, ಚಿಪ್‌ಗಳನ್ನು ಒತ್ತಿ ಕೂರುವ ಮುಖದ ಮೇಲೆ ಬಂದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಅಲ್ಲಿ ಶಾಖ ದಾಟುವ ಜಾಗ ಒಟ್ಟು 3 ಚದರ ಸೆಂಟಿಮೀಟರ್ ಎಂದು ಹಿಡಿದರೆ, ಅದೇ 15 ವ್ಯಾಟಿಗೆ ಅದೇ 60 ಮೈಕ್ರಾನ್ ಬಣ್ಣ ಸುಮಾರು 15 ಡಿಗ್ರಿ ಹೆಚ್ಚಿಸುತ್ತದೆ. ಆದ್ದರಿಂದ ಹೊರಮೈಗೆ ಧೈರ್ಯವಾಗಿ ತೆಳುವಾಗಿ ಹಚ್ಚಿರಿ, ಒಳಮುಖಕ್ಕೆ ಒಂದು ಹನಿಯೂ ತಾಗದಂತೆ ನೋಡಿಕೊಳ್ಳಿರಿ.

ಕಪ್ಪು ಬಣ್ಣ ತಂಪಾಗಿಡುತ್ತದೆ, ಬಿಳಿ ಬಿಸಿಯಾಗಿಸುತ್ತದೆ ಎಂಬ ಮಾತನ್ನೂ ಕೇಳುತ್ತೇನೆ. ಈ ಉಷ್ಣಾಂಶದಲ್ಲಿ ವಸ್ತುಗಳು ಶಾಖವನ್ನು ಸೂಸುವುದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ. ಅಲ್ಲಿ ಸಾಮಾನ್ಯ ಬಿಳಿ, ಕೆಂಪು, ಕಪ್ಪು ಬಣ್ಣಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ನಿಮ್ಮ ಇಷ್ಟದ ಬಣ್ಣವನ್ನು ಆರಿಸಲು ಶಾಖದ ಚಿಂತೆ ಅಡ್ಡಿಯಾಗಬೇಕಿಲ್ಲ. ಅಡ್ಡಿಯಾಗುವುದು ದಪ್ಪ: ರೆಕ್ಕೆಗಳ ನಡುವಿನ ಇಕ್ಕಟ್ಟಾದ ಸಂದುಗಳು ಬಣ್ಣದಿಂದ ತುಂಬಿದರೆ ಗಾಳಿ ಆಡುವುದಿಲ್ಲ, ಮೇಲೆ ನಮ್ಮ ಕಡೆಯ ದೂಳೂ ಅಲ್ಲೇ ಸೇರಿ ಗಟ್ಟಿಯಾಗುತ್ತದೆ.

ಬಣ್ಣಗಳ ಮೇಳವನ್ನು ಹೇಗೆ ಆರಿಸಿಕೊಳ್ಳಬೇಕು?

ಈ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಕುಳಿತು ಉತ್ತರಿಸುವಾಗ ಇಳಕಲ್ ಸೀರೆಯನ್ನು ನೆನೆಯದೆ ಇರಲಾಗುವುದಿಲ್ಲ. ಅದರಲ್ಲಿ ಒಡಲಿಗೆ ಒಂದೇ ಗಾಢ ಬಣ್ಣ, ಅಂಚು ಒಂದು ಪಟ್ಟಿ, ಸೆರಗಿನಲ್ಲಿ ಮಾತ್ರ ಕೆಂಪಿನ ಮೇಲೆ ಬಿಳಿಯ ತೆನೆ. ಕಣ್ಣನ್ನು ಸೆಳೆಯುವ ಬಣ್ಣವನ್ನು ಎಲ್ಲ ಕಡೆ ಚೆಲ್ಲದೆ ಒಂದೇ ಕಡೆ ಕೂಡಿಸಿರುವುದರಿಂದಲೇ ಆ ಸೆರಗಿಗೆ ಅಷ್ಟು ತೂಕ. ಕಂಪ್ಯೂಟರಿನಲ್ಲೂ ಹಾಗೆಯೇ ಮಾಡಿರಿ. ಬೋರ್ಡು ಮತ್ತು ಕ್ಯಾಬಿನೆಟ್ಟಿನ ಕಪ್ಪನ್ನು ಒಡಲೆಂದು ತಿಳಿಯಿರಿ, ವಿಆರ್‌ಎಂ ಹೀಟ್‌ಸಿಂಕ್ ಮತ್ತು ಅದರ ಪಕ್ಕದ ಕವರ್ ಸೆರಗಾಗಲಿ, ಎಂ.2 ಪಟ್ಟಿ ಅಂಚಾಗಲಿ. ಇಲ್ಲಿಯವರೆಗೆ ನಾನು ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ದಾಳಿಂಬೆ ಕೆಂಪು ಮತ್ತು ಬಿಳಿಯ ಇಂಥದೊಂದು ಜೋಡಣೆ. ವಿಜಯಪುರದ ಗ್ರಾಹಕರೊಬ್ಬರು ಗೋಳಗುಮ್ಮಟದ ಕಲ್ಲಿನಂಥ ಮಾಸಲು ಬೂದು ಕೇಳಿದಾಗ, ಹೊಳಪಿಲ್ಲದ ಮ್ಯಾಟ್ ಪದರವೇ ಆ ಕಲ್ಲಿನ ಗಾಂಭೀರ್ಯವನ್ನು ತಂದುಕೊಟ್ಟಿತು.

ಬಣ್ಣದ ಡಬ್ಬಿಯ ಮುಚ್ಚಳವನ್ನು ನೋಡಿ ನಿರ್ಧರಿಸಬೇಡಿರಿ. ಅಲ್ಯೂಮಿನಿಯಂ ತಗಡಿನ ಒಂದು ಚೂರಿಗೆ ಪ್ರೈಮರ್ ಸಹಿತ ಹಚ್ಚಿ, ಒಣಗಿದ ಮೇಲೆ ಕ್ಯಾಬಿನೆಟ್ಟಿನ ಒಳಗೆ ಅದರದೇ ಎಲ್‌ಇಡಿ ಬೆಳಕಿನಲ್ಲಿ ಇಟ್ಟು ನೋಡಿರಿ. ಹಗಲಿನಲ್ಲಿ ಒಂದೇ ಎನಿಸಿದ ಎರಡು ಕೆಂಪುಗಳು ಎಲ್‌ಇಡಿಯ ಕೆಳಗೆ ಬೇರೆ ಬೇರೆಯಾಗಿ ಕಾಣುವುದುಂಟು. ಗ್ರಾಫಿಕ್ಸ್ ಕಾರ್ಡಿನ ಅಥವಾ ಕೇಬಲ್ಲಿನ ಬಣ್ಣಕ್ಕೆ ಸರಿಹೊಂದಲೇಬೇಕಾದರೆ, ಕಾರುಗಳಿಗೆ ಬಣ್ಣ ಬೆರೆಸಿಕೊಡುವ ಅಂಗಡಿಗೆ ಮಾದರಿಯನ್ನೇ ಒಯ್ದು ತೋರಿಸಿರಿ. ಬೆರೆಸಿದ ಬಣ್ಣವನ್ನು ಕಂಪ್ರೆಸರ್ ಗನ್ನಿನಿಂದ ಹೊಡೆಸಬೇಕಾಗುತ್ತದೆ.

ಇದರಿಂದ ವಾರಂಟಿ ಹೋಗುತ್ತದೆಯೇ?

ಹೋಗುತ್ತದೆ ಎಂದೇ ತಿಳಿದು ಹೊರಡಿರಿ. ಬಣ್ಣ ಹಚ್ಚಿದ ಗುರುತನ್ನು ಮರೆಮಾಡಲಾಗದು, ಮತ್ತು ಮಾರ್ಪಡಿಸಿದ ಸಾಮಾನನ್ನು ವಾರಂಟಿಯಲ್ಲಿ ಬದಲಾಯಿಸಿಕೊಡಲು ಸೇವಾ ಕೇಂದ್ರದವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ವಾರಂಟಿ ಇನ್ನೂ ಉಳಿದಿದ್ದರೆ, ಬಣ್ಣದ ಬದಲು ಮುಂದೆ ಹೇಳುವ ಸ್ಟಿಕರ್ ದಾರಿಯನ್ನು ಹಿಡಿಯುವುದು ವಿವೇಕ.

ಭಾಗಗಳನ್ನು ಬಿಚ್ಚುವಾಗ ಯಾವ ಎಚ್ಚರ ಬೇಕು?

ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಪೂರ್ತಿ ಹೊರತೆಗೆಯಲೇಬೇಕು, ಏಕೆಂದರೆ ಹೀಟ್‌ಸಿಂಕ್‌ಗಳ ಸ್ಕ್ರೂಗಳು ಹೆಚ್ಚಾಗಿ ಬೋರ್ಡಿನ ಬೆನ್ನಿನ ಕಡೆ ಇರುತ್ತವೆ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಖಾಲಿ ಮಾಡಿರಿ, 3 ವೋಲ್ಟಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನು ತೆಗೆದಿಡಿರಿ. ಪ್ರೊಸೆಸರ್ ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳವನ್ನು ಬೋರ್ಡು ಕೊಂಡಾಗಲೇ ಎತ್ತಿಟ್ಟುಕೊಂಡಿದ್ದರೆ, ಪ್ರೊಸೆಸರ್ ತೆಗೆದ ಮೇಲೆ ಪಿನ್‌ಗಳನ್ನು ಕಾಪಾಡಲು ಈಗ ಅದು ಕೆಲಸಕ್ಕೆ ಬರುತ್ತದೆ. ಒಂದು ರಟ್ಟಿನ ಮೇಲೆ ಬೋರ್ಡಿನ ನಕ್ಷೆ ಬರೆದು, ಬಿಚ್ಚಿದ ಪ್ರತಿ ಸ್ಕ್ರೂವನ್ನು ಅದರದೇ ಜಾಗದಲ್ಲಿ ಚುಚ್ಚಿಡಿರಿ. ಉದ್ದದ ಸ್ಕ್ರೂ ಗಿಡ್ಡ ಸ್ಕ್ರೂವಿನ ಜಾಗಕ್ಕೆ ಹೋದರೆ ಬೋರ್ಡಿಗೆ ಪೆಟ್ಟಾಗಬಹುದು. ಕೆಲವು ಕವರ್‌ಗಳ ಒಳಗೆ ಎಲ್‌ಇಡಿ ಪಟ್ಟಿಯ ಸಣ್ಣ ತಂತಿ ಇರುತ್ತದೆ, ಆದ್ದರಿಂದ ಕವರನ್ನು ಥಟ್ಟನೆ ಎಳೆಯದೆ ಮೆಲ್ಲನೆ ಎತ್ತಿ ನೋಡಿರಿ.

ಸ್ಥಿರ ವಿದ್ಯುತ್ತನ್ನು ಕಡೆಗಣಿಸಬೇಡಿರಿ. ಸಂಕ್ರಾಂತಿಯ ಆಸುಪಾಸಿನ ಒಣ ಹವೆಯಲ್ಲಿ ಬಾಗಿಲ ಚಿಲಕ ಮುಟ್ಟಿದಾಗ ಚುರ್ರೆನ್ನುವ ಅನುಭವ ನಮ್ಮಲ್ಲಿ ಎಲ್ಲರಿಗೂ ಇದೆ. ಮನುಷ್ಯನಿಗೆ ಅದು ಅರಿವಾಗುವುದೇ ಸುಮಾರು 3000 ವೋಲ್ಟಿನಲ್ಲಿ, ಚಿಪ್‌ಗಳು ಅದಕ್ಕಿಂತ ಎಷ್ಟೋ ಕಡಿಮೆಯಲ್ಲಿ ಕೆಡಬಲ್ಲವು. ಬೋರ್ಡನ್ನು ಕಂಬಳಿಯ ಮೇಲಾಗಲಿ ಜಮಖಾನೆಯ ಮೇಲಾಗಲಿ ಇಡಬಾರದು. ಮರದ ಮೇಜು, ಹತ್ತಿಯ ಬಟ್ಟೆ, ಮುಂಗೈಗೆ ಅರ್ಥಿಂಗ್ ಪಟ್ಟಿ ಇಷ್ಟಿದ್ದರೆ ಸಾಕು.

ಯಾವ ಬಣ್ಣ ಮತ್ತು ಯಾವ ಪ್ರೈಮರ್ ಕೊಳ್ಳಬೇಕು?

ಮೊದಲ ಸಲ ಮಾಡುವವರಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಸ್ಪ್ರೇ ಡಬ್ಬಿಯೇ ಸೂಕ್ತ. ಬಣ್ಣಕ್ಕಿಂತ ಪ್ರೈಮರ್ ಮುಖ್ಯ. ಗೇಟು, ಗ್ರಿಲ್‌ಗಳಿಗೆ ಬಳಿಯುವ ರೆಡ್ ಆಕ್ಸೈಡ್ ಕಬ್ಬಿಣಕ್ಕೆ ಹೇಳಿದ್ದು, ಅಲ್ಯೂಮಿನಿಯಂ ಮೇಲೆ ಅದು ಚೆನ್ನಾಗಿ ಹಿಡಿಯುವುದಿಲ್ಲ. ಅಲ್ಯೂಮಿನಿಯಂಗೆ ಲೋಹವನ್ನು ತುಸು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್ ಕೇಳಿರಿ. ಹಳದಿ ಬಣ್ಣದ ಜಿಂಕ್ ಕ್ರೋಮೇಟ್ ಪ್ರೈಮರ್ ಕೂಡ ಅಲ್ಯೂಮಿನಿಯಂಗೆ ಹಿಡಿಯುತ್ತದೆ, ಆದರೆ ಅದರ ದೂಳು ವಿಷಕಾರಿಯಾದ್ದರಿಂದ ಮನೆಯ ಕೆಲಸಕ್ಕೆ ನಾನು ಅದನ್ನು ಹೇಳುವುದಿಲ್ಲ. ಪ್ಲಾಸ್ಟಿಕ್ ಕವರಿಗೆ ಕಾರಿನ ಬಂಪರ್‌ಗೆ ಹಚ್ಚುವ ಪ್ಲಾಸ್ಟಿಕ್ ಪ್ರೈಮರ್ ಬೇಕು. ಕೆಂಪು ಮತ್ತು ಹಳದಿ ಬಣ್ಣಗಳು ತಮ್ಮ ಕೆಳಗಿನದನ್ನು ಪೂರ್ತಿ ಮುಚ್ಚುವುದಿಲ್ಲವಾದ್ದರಿಂದ ಅವುಗಳ ಅಡಿಗೆ ಬಿಳಿ ಪ್ರೈಮರ್ ಇರಲಿ, ಗಾಢ ಬಣ್ಣಗಳಿಗೆ ಬೂದು ಸಾಕು.

ಗಟ್ಟಿಕಾರಕ ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಬಣ್ಣ ಬಹಳ ಬಾಳಿಕೆಯದು. ಆದರೆ ಅದರ ಗಟ್ಟಿಕಾರಕದಲ್ಲಿರುವ ಐಸೋಸೈನೇಟ್ ಶ್ವಾಸಕೋಶಕ್ಕೆ ತೀವ್ರ ಹಾನಿ ಮಾಡಬಲ್ಲದು. ಅದನ್ನು ತಕ್ಕ ಸಲಕರಣೆಯಿರುವ ಗ್ಯಾರೇಜಿನಲ್ಲಿ ಮಾತ್ರ ಮಾಡಿಸಿರಿ, ಮನೆಯಲ್ಲಿ ಬೇಡವೇ ಬೇಡ.

ಮೇಲ್ಮೈಯನ್ನು ಹೇಗೆ ಸಿದ್ಧಪಡಿಸಬೇಕು?

ಚಿಪ್ ಮತ್ತು ಹೀಟ್‌ಸಿಂಕ್ ನಡುವೆ ಕೂತು ಶಾಖ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡ್‌ಗಳನ್ನು ಬಿಡಿಸಿಟ್ಟ ಮೇಲೆ, 400 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ, ಹೊಳಪು ಹೋಗಿ ಮಂಕಾಗುವಷ್ಟು ಮಾತ್ರ ತಿಕ್ಕಿರಿ. ಹೀಟ್‌ಸಿಂಕ್‌ಗಳ ಮೇಲೆ ಮೊದಲೇ ಇರುವ ಆನೊಡೈಸ್ (ವಿದ್ಯುತ್ತಿನಿಂದ ಬೆಳೆಸಿದ ಆಕ್ಸೈಡ್) ಪದರವನ್ನು ಕೆರೆದು ತೆಗೆಯಬೇಕಿಲ್ಲ, ಅದೇ ಒಳ್ಳೆಯ ತಳಹದಿ. ಪಾತ್ರೆ ತಿಕ್ಕುವ ಸೋಪಿನಿಂದ ತೊಳೆದು, ಒಣಗಿಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿರಿ. ಅಲ್ಲಿಂದ ಮುಂದೆ ಬರಿಗೈಯಿಂದ ಮುಟ್ಟಬಾರದು, ಬೆರಳಿನ ಎಣ್ಣೆ ತಾಗಿದ ಕಡೆ ಬಣ್ಣ ಕೆಲವು ತಿಂಗಳಲ್ಲಿ ಸಿಪ್ಪೆಯೇಳುತ್ತದೆ. ಪ್ಲಾಸ್ಟಿಕ್ ಕವರನ್ನು ಥಿನ್ನರಿನಿಂದ ಒರೆಸಬೇಡಿರಿ, ಕರಗಿ ಅಂಟಂಟಾಗುತ್ತದೆ.

ಯಾವ ಜಾಗಗಳನ್ನು ಟೇಪಿನಿಂದ ಮುಚ್ಚಬೇಕು?

ಥರ್ಮಲ್ ಪ್ಯಾಡ್ ಕೂರುವ ಒಳಮುಖಗಳು, ಸ್ಕ್ರೂವಿನ ತಿರುಪು ಇರುವ ರಂಧ್ರಗಳು, ಹೀಟ್‌ಸಿಂಕ್ ಬೋರ್ಡಿಗೆ ತಾಗುವ ಕಾಲುಗಳು ಮತ್ತು ಎಲ್‌ಇಡಿಯ ಬೆಳಕು ಹಾಯುವ ಪಾರದರ್ಶಕ ಪಟ್ಟಿಗಳು. ಹಿಂಬದಿಯ ಪೋರ್ಟ್‌ಗಳ ಸುತ್ತ ಕೂರುವ ಐ/ಒ ತಗಡಿನ ಹೊರಮುಖಕ್ಕಷ್ಟೇ ಹಚ್ಚಿರಿ. ಅದರ ಒಳಗಿನ ಸಣ್ಣ ಸ್ಪ್ರಿಂಗ್ ನಾಲಗೆಗಳು ಪೋರ್ಟ್‌ಗಳ ಲೋಹಕ್ಕೆ ತಾಗಿ ಅರ್ಥಿಂಗ್ ಕೊಡುವುದರಿಂದ ಅವು ಬರಿ ಲೋಹವಾಗಿಯೇ ಉಳಿಯಬೇಕು. ಟೇಪಿನ ಅಂಚನ್ನು ಉಗುರಿನಿಂದ ಒತ್ತಿರಿ, ಕೊನೆಯ ಪದರ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ನಿಧಾನವಾಗಿ ಸುಲಿದರೆ ಅಂಚು ಹರಿಯುವುದಿಲ್ಲ.

ಬಣ್ಣ ಹೊಡೆಯಲು ಯಾವ ಕಾಲ, ಯಾವ ಜಾಗ ಒಳ್ಳೆಯದು?

ನಮ್ಮ ಮೂರು ಜಿಲ್ಲೆಗಳಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಬೆಳಗಾವಿ ಮತ್ತು ಖಾನಾಪುರದ ಕಡೆ ಜೂನಿನಿಂದ ಸೆಪ್ಟೆಂಬರಿನವರೆಗೆ ಸ್ಪ್ರೇ ಕೆಲಸವನ್ನು ಮುಂದೂಡುವುದು ಲೇಸು. ಬಣ್ಣದ ದ್ರಾವಕ ಬೇಗನೆ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಹವೆಯಲ್ಲಿರುವ ತೇವ ಅದರ ಮೇಲೆ ಕೂರುತ್ತದೆ, ಬಣ್ಣ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಒಂದು ಜುಲೈಯಲ್ಲಿ ಬೆಳಗಾವಿಯ ಬಂಧುಗಳ ಮನೆಯ ಪಡಸಾಲೆಯಲ್ಲಿ ನಾನು ಹೊಡೆದ ಕಪ್ಪು ಹತ್ತು ನಿಮಿಷದಲ್ಲಿ ಬೂದಿಯ ಬಣ್ಣಕ್ಕೆ ತಿರುಗಿತು, ಅಷ್ಟನ್ನೂ ತಿಕ್ಕಿ ತೆಗೆದು ದೀಪಾವಳಿಯ ನಂತರ ಮತ್ತೆ ಹೊಡೆಯಬೇಕಾಯಿತು.

ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ತೊಂದರೆ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವಾಗ ಬಣ್ಣದ ಹನಿಗಳು ಭಾಗವನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಅರೆ ಒಣಗಿ, ಮೇಲ್ಮೈ ಉಸುಕಿನಂತೆ ಒರಟಾಗುತ್ತದೆ. ಆ ತಿಂಗಳಲ್ಲಿ ಮಾಡಲೇಬೇಕಾದರೆ ಬೆಳಗಿನ ಏಳರೊಳಗೆ ಮುಗಿಸಿರಿ. ಡಬ್ಬಿಯನ್ನು ಬಿಸಿಲಿನಲ್ಲಾಗಲಿ ನಿಲ್ಲಿಸಿದ ಕಾರಿನಲ್ಲಾಗಲಿ ಬಿಡಬೇಡಿರಿ, 50 ಡಿಗ್ರಿ ಮೀರಿದರೆ ಅದು ಸಿಡಿಯುವ ಅಪಾಯವಿದೆ. ಆಷಾಢದ ಗಾಳಿ ದೂಳನ್ನು ತಂದು ಹಸಿ ಬಣ್ಣದ ಮೇಲೆ ಕೂರಿಸುತ್ತದೆ. ಎಲ್ಲ ಕಡೆಗೂ ಒಪ್ಪುವ ಕಾಲವೆಂದರೆ ನವೆಂಬರಿನಿಂದ ಫೆಬ್ರವರಿ, ಬಿಸಿಲೇರಿದ ಮೇಲಿನ ಬೆಳಗಿನ ಹೊತ್ತು.

ಮಾಳಿಗೆಯ ಮೇಲೆ, ಗಾಳಿಗೆ ಮರೆಯಾಗಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಮಗ್ಗುಲಾಗಿ ಇಟ್ಟು, ಅದರೊಳಗೆ ಭಾಗವನ್ನು ತಂತಿಯಿಂದ ತೂಗುಹಾಕಿರಿ. ಸುತ್ತ ನೆಲಕ್ಕೆ ನೀರು ಚಿಮುಕಿಸಿದರೆ ದೂಳು ಏಳುವುದಿಲ್ಲ. ಡಬ್ಬಿಯೊಳಗಿನ ಅನಿಲವೂ ದ್ರಾವಕವೂ ಬೆಂಕಿ ಹಿಡಿಯುವಂಥವು, ಆದ್ದರಿಂದ ಅಡುಗೆಯ ಒಲೆ, ಗ್ಯಾಸ್ ಗೀಸರ್, ದೇವರ ಮನೆಯ ದೀಪ ಇವುಗಳಿಂದ ದೂರವಿರಬೇಕು. ಎನ್95 ಮುಖಗವಸು ಬಣ್ಣದ ಕಣಗಳನ್ನು ತಡೆಯುತ್ತದೆಯೇ ಹೊರತು ದ್ರಾವಕದ ಆವಿಯನ್ನಲ್ಲ. ಆವಿಗೆ ಸಕ್ರಿಯ ಇದ್ದಿಲಿನ ಕಾರ್ಟ್ರಿಜ್ ಇರುವ ಮುಖಗವಸೇ ಬೇಕು.

ಸ್ಪ್ರೇ ಹೊಡೆಯುವ ಸರಿಯಾದ ಕ್ರಮ ಯಾವುದು?

ಡಬ್ಬಿಯೊಳಗಿನ ಗುಂಡು ಸದ್ದು ಮಾಡತೊಡಗಿದ ಮೇಲೂ ಎರಡು ನಿಮಿಷ ಅಲುಗಾಡಿಸಿರಿ. 20ರಿಂದ 30 ಸೆಂಟಿಮೀಟರ್ ದೂರದಿಂದ, ಭಾಗದ ಅಂಚಿನ ಆಚೆ ಒತ್ತಲು ಆರಂಭಿಸಿ ಇನ್ನೊಂದು ಅಂಚಿನ ಆಚೆ ಬಿಡಿರಿ. ಮೊದಲ ಪದರ ಮಂಜು ಬಿದ್ದಂತೆ ಇರಲಿ, ಅಡಿಯ ಲೋಹ ಕಂಡರೂ ಪರವಾಗಿಲ್ಲ. ಹತ್ತು ಹತ್ತು ನಿಮಿಷ ಬಿಟ್ಟು ಮೂರು ತೆಳು ಪದರ ಹೊಡೆದರೆ ಸಾಕು. ಒಂದೇ ಸಲಕ್ಕೆ ಮುಚ್ಚಿಬಿಡುವ ಆತುರವೇ ಬಣ್ಣ ಸೋರುವುದಕ್ಕೂ ರೆಕ್ಕೆಗಳ ಸಂದು ಕಟ್ಟುವುದಕ್ಕೂ ಕಾರಣ. ಮತ್ತೆ ಹೊಡೆಯುವ ಅವಧಿಯ ಬಗ್ಗೆ ಡಬ್ಬಿಯ ಮೇಲೆ ಬೇರೆ ಸೂಚನೆಯಿದ್ದರೆ ಅದನ್ನೇ ಪಾಲಿಸಿರಿ.

ಬೆಳಗಾವಿಯ ಉದ್ಯಮಬಾಗದಂಥ ಕಡೆ ಪೌಡರ್ ಕೋಟಿಂಗ್ ಮಾಡಿಸಬಹುದೇ?

ಬರಿ ಅಲ್ಯೂಮಿನಿಯಂ ತುಂಡುಗಳಿಗೆ, ಎಂದರೆ ಎಂ.2 ಪಟ್ಟಿ ಅಥವಾ ರೆಕ್ಕೆಗಳಿಲ್ಲದ ಚಪ್ಪಟೆ ಕವರ್‌ಗಳಿಗೆ, ಮಾಡಿಸಬಹುದು, ಗಟ್ಟಿತನದಲ್ಲಿ ಸ್ಪ್ರೇ ಅದಕ್ಕೆ ಸಾಟಿಯಲ್ಲ. ಆದರೆ ಪುಡಿ ಕರಗಿ ಅಂಟಲು ಭಾಗವನ್ನು 180ರಿಂದ 200 ಡಿಗ್ರಿಯ ಒಲೆಯಲ್ಲಿ ಇಡುತ್ತಾರೆ. ಎರಡು ಹೀಟ್‌ಸಿಂಕ್‌ಗಳನ್ನು ಕೂಡಿಸುವ ತಾಮ್ರದ ಹೀಟ್‌ಪೈಪ್ ಇದ್ದರೆ ಯಾವ ಕಾರಣಕ್ಕೂ ಕೊಡಬೇಡಿರಿ. ಆ ಕೊಳವೆಯೊಳಗೆ ಮುಚ್ಚಿದ ಸ್ಥಿತಿಯಲ್ಲಿ ಸ್ವಲ್ಪ ನೀರಿರುತ್ತದೆ. 200 ಡಿಗ್ರಿಯಲ್ಲಿ ಅದರ ಹಬೆಯ ಒತ್ತಡ ವಾತಾವರಣದ ಒತ್ತಡದ ಸುಮಾರು ಹದಿನೈದು ಪಟ್ಟಾಗುತ್ತದೆ, ಕೊಳವೆ ಉಬ್ಬಬಹುದು ಅಥವಾ ಒಡೆಯಬಹುದು. ಪ್ಲಾಸ್ಟಿಕ್ ಭಾಗಗಳ ಮಾತಂತೂ ಬರುವುದೇ ಇಲ್ಲ. ಒತ್ತೊತ್ತಾದ ರೆಕ್ಕೆಗಳ ಆಳಕ್ಕೆ ವಿದ್ಯುದಾವಿಷ್ಟ ಪುಡಿ ಸರಿಯಾಗಿ ಇಳಿಯುವುದಿಲ್ಲ, ಹೊರ ಅಂಚಿನಲ್ಲಿ ಮಾತ್ರ ದಪ್ಪವಾಗಿ ಕೂರುತ್ತದೆ ಎಂಬುದೂ ಗಮನದಲ್ಲಿರಲಿ.

ಬೆಳ್ಳಿ, ಚಿನ್ನದಂಥ ಲೋಹದ ಹೊಳಪಿನ ಬಣ್ಣದಿಂದ ಶಾರ್ಟ್ ಆಗುತ್ತದೆಯೇ?

ಸಾಮಾನ್ಯ ಮೆಟಾಲಿಕ್ ಬಣ್ಣದ ಲೋಹದ ಚೂರುಗಳು ಒಣಗಿದ ರಾಳದೊಳಗೆ ಬೇರೆ ಬೇರೆಯಾಗಿ ಹುದುಗಿರುವುದರಿಂದ ವಿದ್ಯುತ್ ಹರಿಯುವುದು ಅಪರೂಪ. ಆದರೂ ಮೇಲೆ ಒಂದು ಕ್ಲಿಯರ್ ಪದರ ಕೊಡಿರಿ, ಒಣಗಿದ ಮಾದರಿ ಚೂರಿನ ಮೇಲೆ ಮಲ್ಟಿಮೀಟರ್ ಇಟ್ಟು ಪರೀಕ್ಷಿಸಿರಿ. ಚೂರು ಲೋಹದ್ದಾಗಿದ್ದರೆ ಅಡಿಯ ಲೋಹವೇ ಮೀಟರನ್ನು ದಾರಿ ತಪ್ಪಿಸುತ್ತದೆ, ಪ್ಲಾಸ್ಟಿಕ್ ತುಂಡಿನ ಮೇಲೆ ಹೊಡೆದು ನೋಡಬೇಕು. ನಿಕಲ್, ತಾಮ್ರ ಅಥವಾ ಗ್ರಾಫೈಟ್ ಬೆರೆಸಿದ, ವಿದ್ಯುತ್ ಹರಿಸಲೆಂದೇ ತಯಾರಿಸಿದ ಬಣ್ಣಗಳು ಬೇರೆ ಇವೆ. ಅವನ್ನು ಇಲ್ಲಿ ಬಳಸಬಾರದು.

ರ‍್ಯಾಮ್ ಮತ್ತು ಸ್ಲಾಟ್‌ಗಳಿಗೆ?

ರ‍್ಯಾಮ್‌ನ ಲೋಹದ ಕವಚ ಚಿಪ್‌ಗಳಿಗೆ ಅಂಟಿನಿಂದ ಕೂಡಿರುತ್ತದೆ. ಎಳೆದರೆ ಚಿಪ್ಪೇ ಕಿತ್ತು ಬರಬಹುದು. ಆದ್ದರಿಂದ ಕವಚ ಬಿಚ್ಚದೆ, ಚಿನ್ನದ ಬಣ್ಣದ ಸಂಪರ್ಕ ಪಟ್ಟಿಯನ್ನೂ ತೆರೆದ ಚಿಪ್‌ಗಳನ್ನೂ ಟೇಪಿನಿಂದ ಪೂರ್ತಿ ಮುಚ್ಚಿ, ಹೊರಮೈಗೆ ಮಾತ್ರ ಹೊಡೆಯಿರಿ. ಸ್ಲಾಟ್‌ಗಳಿಗೆ ಬಣ್ಣ ಬೇಡ, ಖಾಲಿ ಸ್ಲಾಟಿನಲ್ಲಿ ಕೂರುವ ಬಣ್ಣದ ಪ್ಲಾಸ್ಟಿಕ್ ಮುಚ್ಚಳಗಳು ಸಿಗುತ್ತವೆ.

ಬಣ್ಣದ ಬದಲು ಸ್ಟಿಕರ್ ಅಂಟಿಸಬಹುದೇ?

ಖಂಡಿತ. ಬೈಕುಗಳಿಗೆ ರೇಡಿಯಂ ಸ್ಟಿಕರ್ ಕತ್ತರಿಸಿಕೊಡುವ ಅಂಗಡಿಗಳು ನಮ್ಮ ಪ್ರತಿ ಊರಿನಲ್ಲೂ ಇವೆ, ಅವರ ಬಳಿಯೇ ಬಗೆಬಗೆಯ ವಿನೈಲ್ ಹಾಳೆಗಳೂ ಇರುತ್ತವೆ. ಕಾಗದದಲ್ಲಿ ಅಳತೆಯ ಮಾದರಿ ಕತ್ತರಿಸಿ ಒಯ್ದರೆ ಗುಳೇದಗುಡ್ಡದ ಖಣದ ನಮೂನೆಯನ್ನು ಕೂಡ ಅಚ್ಚುಕಟ್ಟಾಗಿ ಕತ್ತರಿಸಿಕೊಡುತ್ತಾರೆ. ಚಪ್ಪಟೆ ಕವರ್‌ಗಳಿಗೆ ಇದು ಒಪ್ಪುತ್ತದೆ. ಗಾಳಿಯಾಡುವ ರೆಕ್ಕೆಗಳ ಮೇಲೆ ಹಾಸಬೇಡಿರಿ.

ಹಳೆಯ ಥರ್ಮಲ್ ಪ್ಯಾಡ್‌ಗಳನ್ನೇ ಮತ್ತೆ ಹಾಕಬಹುದೇ?

ಹರಿಯದೆ, ಒಣಗದೆ, ದೂಳು ಹತ್ತದೆ ಉಳಿದಿದ್ದರೆ, ಅದೇ ಜಾಗದಲ್ಲಿ ಅದೇ ದಿಕ್ಕಿಗೆ ಹಾಕಬಹುದು. ಹೊಸದು ಬೇಕಾದರೆ ದಪ್ಪವನ್ನು ಅಳೆದೇ ಕೊಳ್ಳಿರಿ. 0.5, 1, 1.5, 2 ಮಿಲಿಮೀಟರ್ ಹೀಗೆ ಪ್ಯಾಡ್‌ಗಳು ಬರುತ್ತವೆ. ಹಳೆಯ ಪ್ಯಾಡಿನ ಒತ್ತಿಹೋದ ಮಧ್ಯಭಾಗವನ್ನಲ್ಲ, ಒತ್ತು ಬೀಳದ ಅಂಚನ್ನು ಅಳೆಯಬೇಕು. ಈ ಭೇದವನ್ನು ನಾನು ತಿಳಿದದ್ದು ನಷ್ಟ ಅನುಭವಿಸಿಯೇ. ಒಮ್ಮೆ ಮಧ್ಯಭಾಗದ ಅಳತೆಗೆ ತಕ್ಕಂತೆ 1 ಮಿಲಿಮೀಟರಿನದು ಹಾಕಿದೆ, ಬೇಕಾಗಿದ್ದದ್ದು 1.5. ಹೊರಗಿನಿಂದ ನೋಡಿದರೆ ಎಲ್ಲವೂ ಅಂದವಾಗಿತ್ತು, ಕೆಂಪು ಹೀಟ್‌ಸಿಂಕ್ ಮಿರುಗುತ್ತಿತ್ತು, ಆದರೆ ಅದು ಚಿಪ್‌ಗಳನ್ನು ಮುಟ್ಟುತ್ತಲೇ ಇರಲಿಲ್ಲ. ವಿಡಿಯೋ ಎಡಿಟಿಂಗ್ ನಡೆದಾಗ ಕಂಪ್ಯೂಟರಿನ ವೇಗ ಇಳಿಯುವುದನ್ನು ಕಂಡು ಮತ್ತೆ ಬಿಚ್ಚಿದಾಗ, ಪ್ಯಾಡಿನ ಮೇಲೆ ಚಿಪ್‌ಗಳ ಒತ್ತು ಮೂಡಿರಲಿಲ್ಲ. ಅಂದಿನಿಂದ, ಜೋಡಿಸಿ ಒಮ್ಮೆ ಬಿಗಿ ಮಾಡಿ, ಮತ್ತೆ ಬಿಚ್ಚಿ, ಪ್ರತಿ ಚಿಪ್ಪಿನ ಚೌಕ ಗುರುತು ಪ್ಯಾಡಿನಲ್ಲಿ ಮೂಡಿದೆಯೇ ಎಂದು ನೋಡದೆ ನಾನು ಕೆಲಸ ಮುಗಿಸುವುದಿಲ್ಲ.

ಬಣ್ಣ ಕೆಟ್ಟರೆ ತೆಗೆಯುವುದು ಹೇಗೆ?

ಲೋಹದ ಭಾಗವಾದರೆ ಎನ್.ಸಿ. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಅಕ್ರಿಲಿಕ್ ಬಣ್ಣ ಬಿಟ್ಟುಬರುತ್ತದೆ. ಪ್ಲಾಸ್ಟಿಕ್ ಆದರೆ 600 ನಂಬರಿನ ವಾಟರ್ ಪೇಪರಿನಿಂದ ತಿಕ್ಕಿ ಸಮ ಮಾಡಿ ಮತ್ತೆ ಹೊಡೆಯುವುದೊಂದೇ ದಾರಿ.

ಎಷ್ಟು ದಿನ ಬಿಟ್ಟು ಮತ್ತೆ ಜೋಡಿಸಬೇಕು? ಮೊದಲ ಸಲ ಆನ್ ಮಾಡುವಾಗ ಏನು ನೋಡಬೇಕು?

ಅರ್ಧ ಗಂಟೆಯಲ್ಲಿ ಕೈಗೆ ಅಂಟದಂತಾದರೂ ಒಳಗೆ ದ್ರಾವಕ ಉಳಿದಿರುತ್ತದೆ. ಒಂದು ವಾರ ಬಿಡಿರಿ, ಮೂಗಿನ ಹತ್ತಿರ ಹಿಡಿದಾಗ ವಾಸನೆ ಬಾರದಿದ್ದರೆ ಮಾತ್ರ ಜೋಡಿಸಿರಿ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋಗಬೇಕು.

ಬಣ್ಣ ಹಚ್ಚುವ ಮೊದಲೇ ಒಂದು ದಿನ, ಪ್ರೊಸೆಸರಿಗೆ ಪೂರ್ತಿ ಹೊರೆ ಕೊಡುವ ತಂತ್ರಾಂಶವನ್ನು ಅರ್ಧ ಗಂಟೆ ನಡೆಸಿ, ವಿಆರ್‌ಎಂ ಮತ್ತು ಚಿಪ್‌ಸೆಟ್ ಉಷ್ಣಾಂಶವನ್ನೂ ಕೋಣೆಯ ಉಷ್ಣಾಂಶವನ್ನೂ ಬರೆದಿಟ್ಟುಕೊಂಡಿರಬೇಕು. ಜೋಡಿಸಿದ ಮೇಲೆ ಅದನ್ನೇ ಮತ್ತೆ ನಡೆಸಿ ಹೋಲಿಸಿರಿ. ಜನವರಿಯ ಅಂಕಿಯನ್ನು ಮೇ ತಿಂಗಳಿನದರೊಂದಿಗೆ ನೇರವಾಗಿ ಹೋಲಿಸಬಾರದು, ಕೋಣೆಯ ಉಷ್ಣಾಂಶವನ್ನು ಎರಡರಿಂದಲೂ ಕಳೆದು ನೋಡಬೇಕು. ವ್ಯತ್ಯಾಸ ಎರಡು ಮೂರು ಡಿಗ್ರಿಯೊಳಗಿದ್ದರೆ ನಿಶ್ಚಿಂತೆಯಿಂದಿರಿ. ಹತ್ತು ಡಿಗ್ರಿ ಏರಿದ್ದರೆ ಬಣ್ಣವನ್ನು ದೂರುವ ಮೊದಲು ಪ್ಯಾಡಿನ ದಪ್ಪವನ್ನೂ ಸ್ಕ್ರೂಗಳ ಬಿಗಿಯನ್ನೂ ಪರೀಕ್ಷಿಸಿರಿ.

ಮೊದಲ ಸಲ ಪ್ರಯತ್ನಿಸುವವರು ಯಾವ ಭಾಗದಿಂದ ಆರಂಭಿಸಬೇಕು?

ಎಂ.2 ಎಸ್‌ಎಸ್‌ಡಿಯ ಮೇಲಿನ ಪಟ್ಟಿಯಿಂದ. ಅದು ಚಪ್ಪಟೆಯಾಗಿದೆ, ಸಾಮಾನ್ಯವಾಗಿ ಮುಂದಿನಿಂದಲೇ ಒಂದೆರಡು ಸ್ಕ್ರೂಗಳಲ್ಲಿ ಬಿಚ್ಚಿ ಬರುತ್ತದೆ, ಬೋರ್ಡನ್ನು ಕ್ಯಾಬಿನೆಟ್ಟಿನಿಂದ ತೆಗೆಯಬೇಕಿಲ್ಲ. ಬಣ್ಣ ಒಣಗುವ ಆ ವಾರವಿಡೀ, ಎಸ್‌ಎಸ್‌ಡಿಗೆ ಭಾರಿ ಹೊರೆ ಕೊಡದಿದ್ದರೆ, ಪಟ್ಟಿಯಿಲ್ಲದೆಯೇ ಕಂಪ್ಯೂಟರ್ ಎಂದಿನಂತೆ ಕೆಲಸ ಮಾಡುತ್ತಿರುತ್ತದೆ.